ಬಡಿದು ನೋಡದ ಮಡಕೆ

ಬನ್ನಿ, ಹತ್ತಿರ ಕೂತುಕೊಳ್ಳಿ. ಊರಿನ ಹೆಸರು ಕೇಳಬೇಡಿ. ನನಗೆ ಕತೆ ಹೇಳಿದವರೂ ಅದನ್ನು ಹೇಳಲಿಲ್ಲ.

ಆ ಊರಲ್ಲಿ ಕುಂಬಾರರೇ ಇರಲಿಲ್ಲ. ಕೆರೆಯ ಹೂಳು ಹೊರುವ ಕೆಂಚಣ್ಣ ಇದ್ದ, ಅವನ ಹೆಂಡತಿ ಸಾತವ್ವ ಇದ್ದಳು. ಮಡಕೆ ಬೇಕೆಂದರೆ ಹೊಳೆ ದಾಟಿ ಸಂತೆಗೆ ಹೋಗಬೇಕು. ಬಸುರಿ ಸಾತವ್ವ ಎಲ್ಲಿ ಹೊಳೆ ದಾಟುತ್ತಾಳೆ? ಕೆಂಚಣ್ಣ ಕೆರೆಯ ಜೇಡಿಮಣ್ಣು ತಂದು ತಾನೇ ಒಂದು ಮಡಕೆ ಮಾಡಿ ಸುಟ್ಟ. ಅವನ ಹೆಬ್ಬೆರಳು ಹುಟ್ಟಿನಿಂದಲೇ ಸೊಟ್ಟ. ಮಡಕೆಯ ಬಾಯಂಚಿನ ಮೇಲೆ ಆ ಬೆರಳಿನ ಗುರುತು ಉಳಿಯಿತು.

"ಬಡಿದು ನೋಡೇ, ಗಟ್ಟಿ ಇದೆಯೋ ಇಲ್ಲವೋ," ಅಂದ.

"ಒಡೆದರೆ? ಇದೊಂದಕ್ಕೇ ನಿನಗೆ ತಿಂಗಳು ಹಿಡೀತು," ಎಂದು ನಕ್ಕು, ಬಡಿಯದೆ ಅಟ್ಟದ ಮೇಲಿಟ್ಟಳು.

ಆ ವಾರವೇ ಕೆಂಚಣ್ಣ ಜ್ವರದಿಂದ ತೀರಿಕೊಂಡ.

ಕೇಳಿ. ಆ ಸೀಮೆಯಲ್ಲೊಂದು ಪದ್ಧತಿ. ಹೆಣದ ಸುತ್ತ ನೀರು ಸುರಿಸುತ್ತ ಹೊತ್ತು ತಿರುಗಿ ಒಡೆಯುವ ಮಡಕೆಯನ್ನು ಯಾರೂ ಬೆರಳಿನಿಂದ ಬಡಿದು ನೋಡಿರಬಾರದು. ಬಡಿದದ್ದು ಬದುಕಿರುವವರ ಮಡಕೆ. ಮನೆಮನೆ ಕೇಳಿದರು. ಸಂತೆಯಲ್ಲಿ ಬಡಿಯದೆ ಮಡಕೆ ಕೊಳ್ಳುವವರುಂಟೆ? ಕೊನೆಗೆ ಕೆಂಚಣ್ಣನ ಅಣ್ಣ ಅಟ್ಟ ಹತ್ತಿದ. ಅದೊಂದನ್ನು ಬಿಡಿ ಎಂದು ಸಾತವ್ವ ಬೇಡಿಕೊಂಡಳು.

"ಬಡಿದಿದ್ದೀಯೇನವ್ವಾ?" ಎಂದಷ್ಟೇ ಕೇಳಿದ.

ಸತ್ತವನ ಮುಂದೆ ಸುಳ್ಳು ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಮೂರು ಸುತ್ತು, ಮೂರು ತೂತು. ಮಡಕೆ ಚೂರಾಯಿತು.

ಅವಳಿಗೆ ಆ ಮಡಕೆಯೇ ಬೇಕು. ಕೆರೆಗೆ ಹೋಗಿ ಮಣ್ಣು ತಂದಳು. ಒಂದು ಮಾಡಿದಳು, ಬಡಿದಳು. ಗಟ್ಟಿ ಇತ್ತು, ಆದರೆ ಅದಲ್ಲ. ಇನ್ನೊಂದು ಮಾಡಿದಳು, ಚೆಂದ ಇತ್ತು, ಅದಲ್ಲ. ಮತ್ತೊಂದು ಮಾಡಿದಳು, ಅದೂ ಅಲ್ಲ. ಅಂಗಳದಲ್ಲಿ ಬಿದ್ದಿದ್ದ ಮಡಕೆಗಳನ್ನು ಊರ ಹೆಂಗಸರು ಜೋಳ ಕೊಟ್ಟು ಒಯ್ದರು. ಮಗ ದುರುಗ ಹುಟ್ಟಿದ, ಬೆಳೆದ, ಕುಂಬಾರನ ತಿಗರಿ ತಂದು ಹೂಡಿದ. ಆ ಮನೆಯ ಕಸುಬು ಶುರುವಾದದ್ದು ಹೀಗೆ, ಅವಳಿಗೆ ಬೇಡವಾದ ಮಡಕೆಗಳಿಂದ.

"ಏನು ಹುಡುಕ್ತೀಯವ್ವಾ, ಒಂದೊಂದನ್ನೂ ತಿರುಗಿಸಿ ತಿರುಗಿಸಿ?" ಎಂದು ದುರುಗ ಕೇಳುತ್ತಿದ್ದ.

"ಏನಿಲ್ಲ. ನೀ ತಿಗರಿ ತಿರುಗಿಸು."

ದುರುಗನ ಹೆಬ್ಬೆರಳೂ ಸೊಟ್ಟ. ಆದರೆ ಒಳ್ಳೆ ಕೆಲಸಗಾರ. ಒದ್ದೆ ಬಟ್ಟೆಯಲ್ಲಿ ಸವರಿ ಗುರುತು ಅಳಿಸುತ್ತಿದ್ದ. ಒಮ್ಮೆ ಮಾತ್ರ ಮರೆತ. ಮಡಕೆ ಸುಟ್ಟ ಆವಿಗೆಯ ಗೂಡು ಬಿಚ್ಚುವಾಗ ಸಾತವ್ವ ಆ ಮಡಕೆ ಕಂಡಳು. ಅದೇ ಅಂಚು, ಅದೇ ಗುರುತು. ಬಡಿಯಲು ಕೈ ಎತ್ತಿದಳು. ಇಷ್ಟು ವರ್ಷಕ್ಕೆ ಸಿಕ್ಕಿದ್ದು ಒಡೆದರೆ? ಕೈ ಇಳಿಸಿದಳು. ಯಾರಿಗೂ ಹೇಳದೆ ಅಟ್ಟದಲ್ಲಿ ಬಚ್ಚಿಟ್ಟಳು.

ಸಾತವ್ವ ಸತ್ತ ದಿನ ಅಂಗಳದ ತುಂಬ ಮಡಕೆ, ಎಲ್ಲವೂ ಬಡಿದದ್ದೇ. ದುರುಗ ಅಟ್ಟ ಹತ್ತಿದ. ಧೂಳು ಕೂತ ಮಡಕೆ ಸಿಕ್ಕಿತು. ಅಂಚಿನ ಗುರುತು ನೋಡಿ ಅವನಿಗೆ ನಾಚಿಕೆಯಾಯಿತು.

"ನನ್ನ ಕೆಟ್ಟ ಕೆಲಸ, ಬಡಿದೂ ನೋಡದೆ ಯಾರಿಗೂ ಕಾಣದಂತೆ ಇಟ್ಟಿದ್ದಾಳೆ ಅವ್ವ," ಅಂದ.

ಮೂರು ಸುತ್ತು, ಮೂರು ತೂತು. ಅವನೇ ಒಡೆದ.

ಆ ಮನೆಯ ಮಡಕೆಗಳು ಇಂದಿಗೂ ಊರೂರಲ್ಲಿ ನೀರು ತಂಪು ಮಾಡುತ್ತಿವೆ. ನನ್ನ ಕತೆ ಬರಿದಾಯಿತು, ಎದ್ದು ಮನೆಗೆ ಹೋಗಿ. ಹೋದವರು, ಮನೆಯಲ್ಲಿ ಯಾವ ಮಡಕೆಯ ಮೇಲೆ ಪ್ರೀತಿಯೋ, ಅದನ್ನು ಇವತ್ತೇ ಒಮ್ಮೆ ಬಡಿದುಬಿಡಿ.