ಐದು ಏಳಾದ ಬಗೆ

...ಇಲ್ಲ ಅತ್ತಿಗೆ, ನಿಮ್ಮ ಕಂಪ್ಯೂಟರಿನ ರ್‍ಯಾಮ್ ಕೆಟ್ಟಿಲ್ಲ! ಇನ್ನೆಷ್ಟು ಸಲ ಬಾಯಿ ಬಡ್ಕೊಳ್ಳಲಿ? ಎರಡೂ ಪಟ್ಟಿ ಕಿತ್ಕೊಂಡು ಹೋದೆ, ರಬ್ಬರಲ್ಲಿ ಉಜ್ಜಿದೆ, ನನ್ನ ಅಂಗಡಿ ಮೆಷೀನಿಗೆ ಹಾಕಿ ನೋಡಿದೆ. ಗುಂಡುಕಲ್ಲಿನ ಹಾಗಿವೆ... ಮತ್ತೆ ಅದೇ ಐದು ಏಳಾದ ಕಥೇನಾ? ನೀವು ಪ್ರಿಂಟ್ ತೆಗೆದ ಹಾಳೇಲಿ ನೋಡಿದೆ ತಾಯಿ, ನೋಡಿದೆ. ನೀವು ಬರೀತಿರೋ ಮಕ್ಕಳ ಔಷಧಿ ಪುಸ್ತಕ, ಐದು ಮಿಲಿ ಅಂತ ಟೈಪ್ ಮಾಡಿದ್ರಿ, ಏಳು ಅಂತ ಕೂತಿದೆ. ನಿಮ್ಮ ಬೆರಳು ಜಾರಿರಬಾರದಾ? ಹನ್ನೆರಡು ವರ್ಷ ನರ್ಸ್ ಆಗಿದ್ದವರ ಬೆರಳು ಜಾರಕೂಡದು ಅಂತ ಸರ್ಕಾರ ಆದೇಶ ಹೊರಡಿಸಿದೆಯಾ?

ಯಾಕೆ ನಗ್ತೀರಿ? ನನಗಿಲ್ಲಿ ಮೈಯೆಲ್ಲ ಉರೀತಿದೆ!

ಮೊದಲು ಈ ಧೂಳು ನೋಡಿ. ಸೊಪ್ಪಿನ ಬೀಜ ಉದುರಿಸಿದ್ರೆ ವಾರದಲ್ಲಿ ಕೊಯ್ಲಿಗೆ ಬರುತ್ತೆ. ಅಣ್ಣನ ಕೈಗೇನು ಬಟ್ಟೆ ಸಿಗಲಿಲ್ವಾ?... ಧೂಳು ಐದನ್ನ ಏಳು ಮಾಡುತ್ತಾ ಅಂದ್ರೆ? ಮಾಡಲ್ಲ. ಸರಿ, ಮಾಡಲ್ಲ! ವೋಲ್ಟೇಜ್ ಮಾಡುತ್ತೆ. ಕೇಳಿ. ಮೆಮೊರಿ, ಅಂದ್ರೆ ಅದೇ ರ್‍ಯಾಮ್, ಗಡಗಡ ಅಂತ ಓದಿ ಹೇಳುತ್ತೆ, ಪ್ರೊಸೆಸರೊಳಗಿನ ಒಂದು ಭಾಗ ಬರ್ಕೊಳ್ಳುತ್ತೆ. ಇಬ್ಬರಿಗೂ ಅನ್ನ ಹಾಕೋದು ಮದರ್‌ಬೋರ್ಡು. ಓದೋನಿಗೆ ಹೊಟ್ಟೆತುಂಬ, ಬರೆಯೋನಿಗೆ ಅರೆಹೊಟ್ಟೆ ಅಂದ್ರೆ? ಬರೀತಾನೆ. ದಿನಾ ಸರಿಯಾಗೇ ಬರೀತಾನೆ. ಯಾವಾಗಲೋ ಒಮ್ಮೆ ತೂಕಡಿಸ್ತಾನೆ. ಮೆಷೀನ್ ನಿಲ್ಲಲ್ಲ, ಕಿಂಯ್ ಅನ್ನಲ್ಲ. ಐದು ಏಳಾಗುತ್ತೆ, ಅಷ್ಟೇ!

ಯಾವತ್ತಿಂದ ಅಂತ ನನ್ನ ಕೇಳಿದ್ರೆ? ಹೋದ ವಾರದಿಂದ ಇರಬೇಕು. ಹಳೇ ಬೋರ್ಡು, ವೋಲ್ಟೇಜ್ ತಾನಾಗೇ ಇಳಿಸ್ಕೊಂಡಿದೆ. ಹೋದ ತಿಂಗಳ ಕಾಪಿ ಇದೆ ಅಂದ್ರಲ್ಲ, ಅದನ್ನೇ ಪ್ರೆಸ್ಸಿಗೆ ಕೊಟ್ಟು ಕೈ ತೊಳ್ಕೊಳ್ಳಿ. ಒಂದು ಪಾಯಿಂಟ್ ಒಂದು ವೋಲ್ಟ್ ಇರಬೇಕಾದ್ದು ಪಾಯಿಂಟ್ ಒಂಬತ್ತಕ್ಕಿದೆ, ಏರಿಸ್ತೀನಿ, ಮುಗೀತು. ಇಷ್ಟಕ್ಕೆ ಮನೆ ಮಠ ಒಂದು ಮಾಡ್ಬೇಕಾ?

...ಏನಾಯ್ತು? ಯಾಕೆ ಹಾಗೆ ನೋಡ್ತೀರಿ?

ಪ್ಲಗ್ಗಾ? ನೀವೇ ಕಿತ್ತಿದ್ದಲ್ವಾ, ತಪ್ಪು ಸಿಕ್ಕ ದಿನಾನೇ. ನಾನಿನ್ನೂ ಆನ್ ಮಾಡೇ ಇಲ್ಲ... ಮತ್ತೆ ಹೇಗೆ ಗೊತ್ತಾಯ್ತು ಅಂದ್ರೆ? ಪಾಯಿಂಟ್ ಒಂಬತ್ತು ಅನ್ನೋದು ಒಂದು ಅಂದಾಜು. ಅನುಭವ...

ಅತ್ತಿಗೆ, ಬೈದುಬಿಡಿ!

ಈ ಮೆಷೀನಿನ ಹಾಳು ಫ್ಯಾನು! ಹಿಟ್ಟಿನ ಗಿರಣಿ ಹಾಗೆ ಕಿರುಚ್ತಿತ್ತು, ಮಗು ಮಲಗಲ್ಲ ಅಂತ ಅಣ್ಣ ನನ್ನ ತಲೆ ತಿಂದ. ಬಿಸಿ ಕಮ್ಮಿಯಾದ್ರೆ ಫ್ಯಾನು ಸುಮ್ಮನಿರುತ್ತೆ ಅಂತ ವೋಲ್ಟೇಜ್ ಇಳಿಸಿದೆ. ಹೌದು, ನಾನೇ! ಇಡೀ ರಾತ್ರಿ ಟೆಸ್ಟ್ ಓಡಿಸ್ಬೇಕಿತ್ತು, ಹತ್ತು ನಿಮಿಷ ಓಡಿಸಿ 'ಪಾಸ್' ಅಂದೆ. ನೀವು ಬೇರೆ, 'ನನ್ನ ಮೈದುನನ ಕೈ ಬಂಗಾರ' ಅಂತ ಬಂದವರಿಗೆಲ್ಲ ಹೇಳ್ಕೊಂಡು ಓಡಾಡಿದ್ರಿ. ಆಮೇಲೆ ಯಾವ ಬಾಯಲ್ಲಿ ಹೇಳಲಿ?

ಹೋದ ವಾರ ಅಲ್ಲ... ಮಗು ಮಗುಚ್ಕೊಳ್ಳೋಕೆ ಶುರು ಮಾಡಿದಾಗ. ಹನ್ನೊಂದು ತಿಂಗಳಾಯ್ತು.

ಪುಸ್ತಕ ನೀವು ಶುರು ಮಾಡಿದ್ದು... ಅದಾದ ಮೇಲೆ. ಅಲ್ವಾ?

ಹೋದ ತಿಂಗಳ ಕಾಪಿ... ಎಲ್ಲಿ? ಅತ್ತಿಗೆ, ಈಗಾಗಲೇ ಪ್ರೆಸ್ಸಿಗೆ ಕಳಿಸಿಬಿಟ್ರಾ?

...ಫೋನ್ ಇಲ್ಲಿ ಕೊಡಿ. ಪ್ರೆಸ್ಸಿನವರಿಗೆ ನಾನೇ ಹೇಳ್ತೀನಿ. ಒಂದೇ ಒಂದು ಪುಟಾನೂ ನಂಬಬೇಡಿ ಅಂತ. ಯಾರಿಂದ ಅಂತಾನೂ ಹೇಳ್ತೀನಿ. ಕೊಡಿ ಅತ್ತಿಗೆ.