ಬಾವಿ ಪಕ್ಕದ ಪಿಕಪ್

ದುಂಡಪ್ಪನ ಹೆಸರೆತ್ತಿದರೆ ನಮ್ಮ ಚನ್ನಕೇಶವ ಇವತ್ತಿಗೂ ಎದ್ದು ಹೋಗಿಬಿಡ್ತಾನೆ. ಇಬ್ಬರೂ ನಾಗರಬಾವಿಯಲ್ಲಿ ಅಕ್ಕಪಕ್ಕದ ರೂಮಿನಲ್ಲಿದ್ದವರು. ದುಂಡಪ್ಪ ಬಾಗಲಕೋಟೆ ಕಡೆಯವನು, ಬೈಕ್ ಟ್ಯಾಕ್ಸಿ ಓಡಿಸ್ತಿದ್ದ. ಅವನಿಗೆ ಆದದ್ದನ್ನ ಆದ ಹಾಗೇ ಹೇಳ್ತೀನಿ.

ರಾತ್ರಿ ಕೆಲಸ ಮುಗಿಸಿ ರೂಮಿಗೆ ಬರ್ತಾ ಇದ್ದ. ಆ್ಯಪ್ ಆಫ್ ಮಾಡಿಯಾಗಿತ್ತು. ರೂಮಿನ ಹಿಂದಿನ ಕ್ರಾಸಿನಲ್ಲಿ ಒಂದು ಹಳೇ ಬಾವಿ, ಮೇಲೆ ಕಬ್ಬಿಣದ ಜಾಲರಿ. ಸರಿಯಾಗಿ ಅಲ್ಲೇ ಗಾಡಿ ನಿಂತಿತು. ಕಿಕ್ ಹೊಡೆದ. ಊಹೂಂ. ಇಳಿದು ತಳ್ಳೋಕೆ ಶುರು ಮಾಡಿದ.

ಸ್ವಲ್ಪ ದೂರ ಹೋಗಿದ್ದಾನೆ... ಗಾಡಿ ಭಾರವಾಯ್ತು. ಹಿಂದಿನ ಸ್ಪ್ರಿಂಗು 'ಕಿರ್ರ್' ಅಂತು. ಯಾರಾದರೂ ಹತ್ತಿ ಕೂತರೆ ಬರುತ್ತಲ್ಲ, ಅದೇ ಸದ್ದು. ತಿರುಗಿ ನೋಡಿದ. ಸೀಟು ಖಾಲಿ.

ಜೇಬಿನಲ್ಲಿ ಫೋನು 'ಟಿಣ್' ಅಂತು. ಆಫ್ ಆಗಿದ್ದ ಆ್ಯಪಿನಲ್ಲಿ ಒಂದು ಹೆಸರು... ಭುವನೇಶ್ವರಿ.

ಆ ಹೆಸರು ಅವನಿಗೆ ಗೊತ್ತಿತ್ತು.

ಹಿಂದಿನ ವಾರ ಒಂದು ರಾತ್ರಿ ಇದೇ ಬಾವಿ ಪಕ್ಕದಿಂದ, ಇದೇ ಹೆಸರಿನಲ್ಲಿ ಬುಕಿಂಗ್ ಬಂದಿತ್ತು. ದುಂಡಪ್ಪ ಮೇನ್ ರೋಡಿನಲ್ಲಿ ಟೀ ಕುಡೀತಾ ಕೂತಿದ್ದ. ಒಪ್ಪಿಕೊಂಡ ಮೇಲೆ ನೋಡಿದರೆ, ಹತ್ತಿರದ ಆಸ್ಪತ್ರೆಗೆ ಹೋಗೋ ಸಣ್ಣ ರೈಡು. ಏಳೋಕೆ ಮನಸ್ಸಾಗಲಿಲ್ಲ. ಅಷ್ಟರಲ್ಲಿ ಆಕೆಯೇ ಫೋನ್ ಮಾಡಿದಳು.

"ಅಣ್ಣಾ, ವೀಸಿಂಗ್ ಜಾಸ್ತಿ ಆಗಿದೆ... ಉಸಿರಾಡೋಕೆ ಆಗ್ತಿಲ್ಲ. ಮನೇಲಿ ಯಾರೂ ಇಲ್ಲ. ಬೇಗ ಬನ್ನಿ."

"ಬ್ಯಾರೆ ಗಾಡಿ ನೋಡ್ಕೊಳ್ರಿ. ಕ್ಯಾನ್ಸಲ್ ಮಾಡ್ರಿ."

"ಬೇರೆ ಯಾರೂ ಸಿಕ್ತಿರಲಿಲ್ಲಣ್ಣ. ಬರೋಕಾಗಲ್ಲ ಅಂದ್ರೆ ನೀವೇ ಮಾಡಿಬಿಡಿ... ಆಗ ಇನ್ನೊಬ್ಬರಿಗೆ ಹೋಗುತ್ತೆ."

ತಾನು ಕ್ಯಾನ್ಸಲ್ ಮಾಡಿದರೆ ರೇಟಿಂಗ್ ಬೀಳುತ್ತೆ. ಅವಳೇ ಬೇಸತ್ತು ಮಾಡಿಕೊಳ್ಳಲಿ ಅಂತ, "ಬಂದೆ, ಅಲ್ಲೇ ನಿಂತಿರ್ರಿ" ಅಂದು ಫೋನನ್ನ ಬೋರಲು ಹಾಕಿದ. ಇನ್ನೊಂದು ಟೀ ಹೇಳಿದ. ಮೇಜಿನ ಮೇಲೆ ಫೋನು 'ಗುರ್... ಗುರ್...' ಅಂತ ಅದುರ್ತಾ ಇತ್ತು. ಆಮೇಲೆ ಅದೂ ನಿಂತಿತು.

ಬೆಳಿಗ್ಗೆ ಹಾಲಿನವನು ನೋಡಿದಾಗ ಆಕೆ ಬಾವಿಕಟ್ಟೆಗೆ ಒರಗಿ ಕೂತಿದ್ದಳು. ಜೀವ ಹೋಗಿತ್ತು. ಗಂಡ ನೈಟ್ ಶಿಫ್ಟ್ ಮುಗಿಸಿ ಬಂದವನು ಅಲ್ಲೇ ಕುಸಿದ. ದುಂಡಪ್ಪನೂ ಜನರ ಮಧ್ಯೆ ನಿಂತು ನೋಡಿದ. ಅವತ್ತೂ ಬೈಕ್ ತಗೊಂಡು ಕೆಲಸಕ್ಕೆ ಹೋದ.

ಈಗ ಅವನ ಕಿವಿಯ ಹಿಂದೆ... 'ಸುಂಯ್... ಸುಂಯ್...' ಗಂಟಲಿನ ಸಣ್ಣ ಸಂದಿಯಲ್ಲಿ ಗಾಳಿ ತೂರೋ ಸದ್ದು.

"ಬಂದ್ರಾ, ಅಣ್ಣಾ?"

ಅವನು ಗಾಡಿ ಹತ್ತಿದ. "ಬಿಡ್ತೀನ್ರಿ ಯವ್ವಾ... ಆಸ್ಪತ್ರಿಗೆ ಬಿಡ್ತೀನಿ." ಕಿಕ್ ಹೊಡೆದ. ಈ ಸಲ ಗಾಡಿ ಒಂದೇ ಏಟಿಗೆ ಸ್ಟಾರ್ಟ್ ಆಯ್ತು. ದಾರಿಯುದ್ದಕ್ಕೂ ಭುಜದ ಮೇಲೆ ತಣ್ಣನೆಯ ಬೆರಳು. ಇಳಿಸಿಬಿಟ್ಟರೆ ಮುಗೀತು ಅಂದುಕೊಂಡ.

ಆಸ್ಪತ್ರೆ ಗೇಟಿನ ಸೆಕ್ಯುರಿಟಿಯವನು ವೀಲ್‌ಚೇರ್ ತಳ್ಳಿಕೊಂಡು ಓಡಿ ಬಂದ.

"ಏನ್ರೀ ನೋಡ್ತಾ ನಿಂತಿದೀರಾ? ಮೇಡಂ ಉಸಿರು ಸಿಗದೆ ಒದ್ದಾಡ್ತಿದಾರೆ, ಇಳಿಸ್ರೀ."

ದುಂಡಪ್ಪ ಹಿಂದೆ ನೋಡಿದ. ಖಾಲಿ ಸೀಟು.

ಸೆಕ್ಯುರಿಟಿಯವನು ಸೀಟಿನ ಕಡೆ ಬಗ್ಗಿ ಕಿವಿಗೊಟ್ಟ. ಆಮೇಲೆ ತಲೆ ಎತ್ತಿದ. "ಇಳಿಯಲ್ಲಂತೆ. ನೀವು ಕ್ಯಾನ್ಸಲ್ ಮಾಡಿದ್ರೆ ಇಳೀತಾರಂತೆ."

ದುಂಡಪ್ಪ ಫೋನ್ ತೆಗೆದ. ಆ್ಯಪಿನಲ್ಲಿ ಆ ರೈಡಿಲ್ಲ. ಹೆಸರಿಲ್ಲ. ಕ್ಯಾನ್ಸಲ್ ಮಾಡೋ ಬಟನ್ನೇ ಇಲ್ಲ.

"ಎಲ್ಲಿ ಮಾಡ್ಲಿ... ಇಲ್ಲಿ ಏನೂ ಇಲ್ರೀ..."

ಕಿವಿಯ ಹಿಂದೆ ಪಿಸುಮಾತು. "ಪರವಾಗಿಲ್ಲಣ್ಣ. ನಿಧಾನಕ್ಕೆ ಮಾಡಿ. ನಾನು ಇರ್ತೀನಿ."

ಬೈಕ್ ಮಾರಿದ. ಭಾರ ಹೋಗಲಿಲ್ಲ. ಮೆಟ್ಟಿಲು ಹತ್ತುವಾಗ ಬೆನ್ನು ಬಾಗಿಸಿ, ಏನೋ ಹೊತ್ತವನ ಹಾಗೆ ಹತ್ತುತ್ತಿದ್ದ. ಮಲಗಿದರೆ ಬೋರಲೇ. ದಿನಾ ಆ್ಯಪ್ ತೆಗೆದು ಹುಡುಕ್ತಿದ್ದ. ಕಡೆಗೆ ಚನ್ನಕೇಶವನೇ ಮೆಜೆಸ್ಟಿಕ್ಕಿಗೆ ಕರಕೊಂಡು ಹೋಗಿ ಊರಿನ ಬಸ್ಸು ಹತ್ತಿಸಿದ.

ಕಟ್ಟಿ ಹೇಳ್ತಿದೀನಿ ಅನ್ಕೋಬೇಡಿ. ಚನ್ನಕೇಶವ ಬಸ್ಸು ಹೊರಡೋವರೆಗೂ ಕಿಟಕಿ ಕೆಳಗೇ ನಿಂತಿದ್ದ. ಬಸ್ಸು ತುಂಬಿತ್ತು, ಜನ ನಿಂತಿದ್ದರು. ದುಂಡಪ್ಪನ ಪಕ್ಕದ ಸೀಟು ಮಾತ್ರ ಖಾಲಿ. ಕೂರೋಕೆ ಬಂದವರೆಲ್ಲ ಬಗ್ಗಿ ನೋಡಿ, "ಸಾರಿ ಮೇಡಂ" ಅಂತ ಮುಂದೆ ಹೋಗ್ತಿದ್ದರು.