ಮುಂದಿನ ವರ್ಷಕ್ಕೂ ಆಗುವ ಸ್ಕೂಟರ್

ನನ್ನ ಹೆಸರು ಒಲಿಂಡಾ ಮಥಾಯಸ್, ಪ್ರಾಯ 61 ವರ್ಷ, ಗಂಡ ದಿವಂಗತ ಬೆಂಜಮಿನ್ ಮಥಾಯಸ್, ಕಸುಬು ಟೈಲರಿಂಗ್, ವಾಸ ಕಟಪಾಡಿ, ಉಡುಪಿ ಜಿಲ್ಲೆ. ಈ ದಿನ ಬೆಳಿಗ್ಗೆ 11.00 ಗಂಟೆಗೆ ಕಾಪು ಠಾಣೆಗೆ ನಾನಾಗಿಯೇ ಬಂದು ಈ ಮೂಲಕ ತಿಳಿಸುವುದೇನೆಂದರೆ, ನಿನ್ನೆ ನನ್ನ ಮೊಮ್ಮಗಳು ಆಶ್ಲಿಗೆ ಆದ ಅಪಘಾತದ ಬಗ್ಗೆ ನನ್ನ ಮೈದುನ ಆಂಟನಿ ಕೊಟ್ಟ ದೂರಿನಲ್ಲಿ ರಿಕ್ಷಾ ಚಾಲಕ ದೇವದಾಸರು ಅತಿವೇಗದಿಂದ ಬಂದರು ಎಂದು ಉಂಟು. ಅದು ಸುಳ್ಳು. ಆ ಸುಳ್ಳಿಗೆ ತಲೆ ಆಡಿಸಿದವಳು ನಾನು.

ನಮ್ಮ ಮನೆಯಲ್ಲಿ ನಾನು, ಸೊಸೆ ಜೆನಿಫರ್, ಆಶ್ಲಿ ಮೂವರೇ ಇರುವುದು. ಮಗ ಜೋವಿನ್ ಕುವೈತಿನಲ್ಲಿದ್ದಾನೆ, ಎರಡು ವರ್ಷಕ್ಕೊಮ್ಮೆ ರಜೆ. ಸೊಸೆ ಮಣಿಪಾಲದ ಒಂದು ಆಸ್ಪತ್ರೆಯಲ್ಲಿ ನರ್ಸ್. ನಾನು ಮೂವತ್ತೆಂಟು ವರ್ಷದಿಂದ ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿಯುತ್ತಿದ್ದೇನೆ. ನಮ್ಮ ಕಡೆ ಯಾರೂ ಮಗುವಿನ ಸರಿ ಅಳತೆಗೆ ಹೊಲಿಸುವುದಿಲ್ಲ. ಬೆಳೆಯುವ ಮಕ್ಕಳು, ಮುಂದಿನ ವರ್ಷಕ್ಕೂ ಆಗಬೇಕು, ಸ್ವಲ್ಪ ದೊಡ್ಡದೇ ಇರಲಿ ಎನ್ನುತ್ತಾರೆ. ನಾನು ಅಂಚಿನ ಒಳಗೆ ಎರಡು ಇಂಚು ಬಟ್ಟೆ ಬಿಟ್ಟೇ ಹೊಲಿಯುವುದು. ಇದು ಕೇಸಿಗೆ ಬೇಡ ಎಂದು ಬರೆದುಕೊಳ್ಳುವವರು ಹೇಳಿದರು. ಬೇಕು, ಬರೆಯಿರಿ ಎಂದು ನಾನು ಹೇಳಿರುತ್ತೇನೆ.

ಮೇ 4ಕ್ಕೆ ಆಶ್ಲಿಗೆ ಎಂಟು ವರ್ಷ ತುಂಬುವುದಿತ್ತು. ಅವಳಿಗೆ ಕಾಲಿನಲ್ಲಿ ತಳ್ಳಿ ಓಡಿಸುವ ಸ್ಕೂಟರ್ ತೆಗೆದುಕೊಡಲು ಜೋವಿನ್ ಫೋನಿನಲ್ಲಿ ಹೇಳಿದ್ದನು. ದಿನಾಂಕ 03-05-2025ರಂದು ಬೆಳಿಗ್ಗೆ 10.40ಕ್ಕೆ ನಾನು ಅವಳನ್ನು ಬನ್ನಂಜೆಯ ಒಂದು ಅಂಗಡಿಗೆ ಕರೆದುಕೊಂಡು ಹೋದೆನು. ಅಲ್ಲಿ ಚೈತಾಲಿ ಎಂಬ ಸುಮಾರು 22 ವರ್ಷದ ಹುಡುಗಿ ಆಶ್ಲಿಯನ್ನು ಗೋಡೆಗೆ ನಿಲ್ಲಿಸಿ ಅಳೆದಳು, 118 ಸೆಂಟಿಮೀಟರ್. ನಂತರ ನೀಲಿ ಬಣ್ಣದ ಸಣ್ಣ ಸ್ಕೂಟರ್ ತಂದಳು. ಹ್ಯಾಂಡಲ್ ಮಗುವಿನ ಸೊಂಟಕ್ಕೂ ಎದೆಗೂ ನಡುವೆ ಬರಬೇಕು, ಹಿಂದಿನ ಚಕ್ರದ ಮೇಲಿನ ಬ್ರೇಕನ್ನು ಮಗು ತನ್ನ ಕಾಲಿನಿಂದಲೇ ಗಟ್ಟಿಯಾಗಿ ಒತ್ತಬೇಕು, ಅದನ್ನು ಇಲ್ಲೇ ನೋಡಿ ತೆಗೆದುಕೊಳ್ಳಿ ಎಂದಳು. ಆಶ್ಲಿ ಅಂಗಡಿಯೊಳಗೆ ಮೂರು ಸುತ್ತು ಹಾಕಿ ಮೂರು ಸಲವೂ ಸರಿಯಾಗಿ ನಿಲ್ಲಿಸಿದಳು. ಮಾಂಯ್, ನನಗೆ ಇದೇ ಸಾಕು ಎಂದಳು. ನನ್ನನ್ನು ಅವಳು ಹಾಗೆಯೇ ಕರೆಯುವುದು.

ಇದು ಎಷ್ಟು ವರ್ಷಕ್ಕೆ ಆಗುತ್ತದೆ ಎಂದು ನಾನು ಕೇಳಿದೆನು. ಒಂದೂವರೆ, ಹೆಚ್ಚೆಂದರೆ ಎರಡು ಎಂದಳು. ಜೋವಿನ್ ಬರುವುದು ಮುಂದಿನ ವರ್ಷ ಡಿಸೆಂಬರಿನಲ್ಲಿ. ಅವನು ಬರುವಾಗ ಮಗುವಿಗೆ ಇದು ಚಿಕ್ಕದಾಗಿ ಮೂಲೆಗೆ ಬಿದ್ದಿರುತ್ತದೆ, ಅಪ್ಪ ಒಂದು ದಿನವಾದರೂ ಮಗಳು ಓಡಿಸುವುದನ್ನು ನೋಡಬೇಡವೇ ಎಂದು ಅನ್ನಿಸಿ ದೊಡ್ಡದನ್ನು ಕೇಳಿದೆನು. ಅದು ಹನ್ನೆರಡು ವರ್ಷ ದಾಟಿದವರಿಗೆ, ಎಷ್ಟು ಇಳಿಸಿದರೂ ಹ್ಯಾಂಡಲ್ ಇವಳ ಭುಜಕ್ಕೆ ಬರುತ್ತದೆ, ಬ್ರೇಕ್ ಒತ್ತಲು ಇವಳ ಭಾರ ಸಾಲದು ಎಂದು ಚೈತಾಲಿ ಹೇಳಿದಳು. ನನಗೆ ಸಿಟ್ಟು ಬಂತು. ನಾನು ಹೇಳಿದ ಮಾತು ಹೇಳಿದ ಹಾಗೆಯೇ ಬರೆಯಬೇಕು: "ಮಕ್ಕಳ ಅಳತೆ ನನಗೆ ಹೇಳಿಕೊಡಬೇಡ ಮಾರಾಯ್ತಿ. ನೀನು ಹುಟ್ಟುವ ಮೊದಲೇ ಟೇಪ್ ಹಿಡಿದವಳು ನಾನು." ಅಂಗಡಿಯಲ್ಲಿದ್ದವರು ನಕ್ಕರು. ಆ ಹುಡುಗಿಯ ಮುಖ ಸಣ್ಣದಾಯಿತು. ಆದರೂ ಅವಳು ಬಿಡಲಿಲ್ಲ, ಹಾಗಾದರೆ ಇಳಿಜಾರಿನಲ್ಲಿ ಮಾತ್ರ ಬಿಡಬೇಡಿ ಆಂಟಿ, ಹೆಲ್ಮೆಟ್ ಸರಿ ಸೈಜಿನದ್ದು ಹಾಕಿ ಎಂದಳು. ಹೆಲ್ಮೆಟನ್ನೂ ನಾನು ಒಂದು ಸೈಜ್ ದೊಡ್ಡದೇ ತೆಗೆದುಕೊಂಡೆನು. ಮನೆಯಲ್ಲಿ ಒಳಗೆ ಸ್ಪಂಜ್ ಇಟ್ಟು ನಾನೇ ಹೊಲಿದು ಕೊಟ್ಟೆನು.

ಮೂರು ದಿನ ಆಶ್ಲಿ ಅಂಗಳದಲ್ಲೇ ಆಡಿದಳು. ನಿನ್ನೆ ದಿನಾಂಕ 07-05-2025ರಂದು ಸಂಜೆ 5.20ಕ್ಕೆ ರಸ್ತೆಯವರೆಗೆ ಒಮ್ಮೆ ಹೋಗಿ ಬರುತ್ತೇನೆ ಎಂದು ಕೇಳಿದಳು. ನಾನು ಗೇಟಿನಲ್ಲಿ ನಿಂತಿದ್ದೆನು. ಗೇಟಿನಿಂದ ಡಾಮಾರು ರಸ್ತೆಗೆ 60 ಮೀಟರ್ ಕಾಂಕ್ರೀಟ್ ಇಳಿಜಾರು. ಮೆಲ್ಲ ಹೋಗು ಎಂದೆನು. ಬೇಡ ಎನ್ನಲಿಲ್ಲ. ಸುಮಾರು 20 ಮೀಟರ್ ಹೋದ ನಂತರ ವೇಗ ಹೆಚ್ಚಾಯಿತು. ಅವಳು ಹಿಂದಿನ ಬ್ರೇಕಿನ ಮೇಲೆ ಕಾಲಿಟ್ಟದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮಾಂಯ್, ಇದು ನಿಲ್ಲುವುದಿಲ್ಲ ಎಂದು ಕೂಗಿದಳು. ಒತ್ತು, ಕಾಲಿಟ್ಟು ಒತ್ತು ಎಂದು ನಾನೂ ಕೂಗಿದೆನು. ಅವಳು ಒತ್ತುತ್ತಲೇ ಇದ್ದಳು.

ದೇವದಾಸರ ರಿಕ್ಷಾ ಕಟಪಾಡಿ ಜಂಕ್ಷನ್ ಕಡೆಯಿಂದ ಬರುತ್ತಿತ್ತು. ಅಲ್ಲಿ ಹಂಪ್ ಇರುವುದರಿಂದ ನಡೆಯುವ ವೇಗದಲ್ಲಿತ್ತು. ಮಗುವನ್ನು ಕಂಡು ಅವರು ಪೂರ್ತಿ ಬಲಕ್ಕೆ ಎಳೆದರು, ರಿಕ್ಷಾದ ಮುಂದಿನ ಚಕ್ರ ಚರಂಡಿಗೆ ಇಳಿಯಿತು. ಆಶ್ಲಿಯೇ ಹೋಗಿ ರಿಕ್ಷಾದ ಪಕ್ಕಕ್ಕೆ ಬಡಿದು ರಸ್ತೆಗೆ ಬಿದ್ದಳು. ನಾನು ಓಡಿ ಹೋಗಿ ನೋಡುವಾಗ ಹೆಲ್ಮೆಟ್ ಜಾರಿ ಕುತ್ತಿಗೆಯ ಹಿಂದೆ ಇತ್ತು. ದೇವದಾಸರು ರಸ್ತೆಯ ಮಧ್ಯ ನಿಂತು ಒಂದು ಕಾರನ್ನು ತಡೆದು ಅವಳನ್ನು ಮಡಿಲಲ್ಲಿ ಮಲಗಿಸಿಕೊಂಡರು. ಮಣಿಪಾಲ ತಲುಪುವಾಗ 5.55. ದಾರಿ ಉದ್ದಕ್ಕೂ ಅವರು ತುಳುವಿನಲ್ಲಿ ಅವಳನ್ನು ಮಾತಾಡಿಸುತ್ತಿದ್ದರು. ನಾನು ಪಕ್ಕದಲ್ಲಿ ಅವಳ ಕಾಲು ಹಿಡಿದು ಕುಳಿತಿದ್ದೆನು.

ಸಂಜೆ 7.15ಕ್ಕೆ ಆಸ್ಪತ್ರೆಯಲ್ಲಿ ಆಂಟನಿಯು ರಿಕ್ಷಾ ಜೋರು ಬಂದದ್ದಲ್ವಾ ಅತ್ತಿಗೆ ಎಂದು ಕೇಳಿದನು. ಜೆನಿಫರ್ ನರ್ಸಿನ ಬಟ್ಟೆಯಲ್ಲೇ ಎರಡು ಅಡಿ ದೂರದಲ್ಲಿ ನಿಂತು ನನ್ನ ಮುಖ ನೋಡುತ್ತಿದ್ದಳು. ಅಲ್ಲ ಎಂದರೆ ಮತ್ತೆ ಹೇಗಾಯಿತು ಎಂದು ಕೇಳುತ್ತಾಳೆ. ನಾನು ಹೌದು ಎಂದು ತಲೆ ಆಡಿಸಿದೆನು. ಪೊಲೀಸರು ದೇವದಾಸರನ್ನು ಕರೆದುಕೊಂಡು ಹೋಗುವಾಗ ಅವರು ನನ್ನ ಹತ್ತಿರ ನಿಂತು, "ಬಾಯಮ್ಮ, ನೀವು ಗೇಟಿನಲ್ಲಿ ಇದ್ದಿರಲ್ವಾ? ಒಂದು ಮಾತು ಹೇಳಿ" ಎಂದರು. ನಾನು ಗೋಡೆ ನೋಡಿದೆನು.

ಈ ದಿನ ಬೆಳಿಗ್ಗೆ 6.10ಕ್ಕೆ ಆಶ್ಲಿ ತೀರಿಹೋದಳು.

ಇಲ್ಲಿಗೆ ಬರುವ ಮೊದಲು ಜೆನಿಫರಿಗೆ ಎಲ್ಲವನ್ನೂ ಹೇಳಿದ್ದೇನೆ. ಅವಳ ಕೈ ಹಿಡಿಯಲು ಹೋದೆನು, ಎಳೆದುಕೊಂಡಳು.

ಜೋವಿನ್ ಮಧ್ಯಾಹ್ನ 3.40ಕ್ಕೆ ಮಂಗಳೂರಿನಲ್ಲಿ ಇಳಿಯುತ್ತಾನೆ. ಆ ಚಾಲಕನನ್ನು ಬಿಡುವುದಿಲ್ಲ, ನೇರ ಠಾಣೆಗೇ ಬರುತ್ತೇನೆ ಎಂದು ಫೋನಿನಲ್ಲಿ ಹೇಳಿದ್ದಾನೆ. ಅದರೊಳಗೆ ದೇವದಾಸರನ್ನು ಮನೆಗೆ ಕಳಿಸಬೇಕಾಗಿ ಕೇಳಿಕೊಳ್ಳುತ್ತೇನೆ. ಈ ಹೇಳಿಕೆಯನ್ನು ನನ್ನ ಮಗನಿಗೆ ಠಾಣೆಯವರೇ ಓದಿ ಹೇಳಬೇಕು. ನಾನು ಹೇಳಿದರೆ ಅಮ್ಮ ದುಃಖದಲ್ಲಿ ಏನೇನೋ ಹೇಳುತ್ತಾಳೆ ಎಂದುಕೊಂಡು ಅವನು ನನ್ನನ್ನೇ ಸಮಾಧಾನ ಮಾಡುತ್ತಾನೆ. ಅದನ್ನು ನನ್ನಿಂದ ತಡೆದುಕೊಳ್ಳಲಿಕ್ಕೆ ಆಗುವುದಿಲ್ಲ.

ಇಷ್ಟನ್ನೂ ನನಗೆ ಎರಡು ಸಲ ಓದಿ ಹೇಳಿದ್ದಾರೆ. ನಾನು ಹೇಳಿದ ಹಾಗೆಯೇ ಉಂಟು, ಎಲ್ಲವೂ ಸತ್ಯ, ಒಂದು ಸಾಲನ್ನೂ ತೆಗೆಯಬಾರದು ಎಂದು ಕೇಳಿಕೊಂಡು ರುಜು ಹಾಕಿರುತ್ತೇನೆ.

ಸ್ಥಳ: ಕಾಪು
ದಿನಾಂಕ: 08-05-2025

(ಸಹಿ) ಒಲಿಂಡಾ ಮಥಾಯಸ್